ಕಥೆ ಹೇಳುವವರು, ಕಥೆ ಕೇಳುವವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಭೆಯ ಮುಂದೆ ಮಾತನಾಡುವುದನ್ನು ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಏಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ. ಪತ್ರಗಳನ್ನು ಅಗತ್ಯವಿದ್ದೆಡೆ ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾನು ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಮೂರು ತಿಂಗಳಿಗೊಮ್ಮೆ ಅಪಘಾತಗಳ ಅಂಕಿ ಅಂಶಗಳನ್ನು ಕಾರ್ಮಿಕರ ಮುಂದೆಯೂ ಆಡಳಿತದವರ ಮುಂದೆಯೂ ಮಂಡಿಸುತ್ತೇನೆ. ಯಾರೂ ಕಿವಿಗೊಡುತ್ತಿರಲಿಲ್ಲ. ‘ಕಥೆ ಹೇಳಿ, ಆಗ ಕೇಳುತ್ತಾರೆ’ ಎಂದು ತರಬೇತಿಯೊಂದರಲ್ಲಿ ಹೇಳಿಕೊಟ್ಟರು. ಅದರಂತೆ ಈಗ ಮೊದಲು ಒಂದು ಸ್ವಾರಸ್ಯಕರವಾದ ಕಥೆ ಹೇಳಿ ಆಮೇಲೆ ಅಂಕಿ ಅಂಶಗಳಿಗೆ ಬರುತ್ತೇನೆ. ಕಥೆ ಮುಗಿಯುವವರೆಗೆ ಎಲ್ಲರೂ ತಲೆಯೆತ್ತಿ ಕೇಳುತ್ತಾರೆ; ಪರದೆಯ ಮೇಲೆ ಮೊದಲ ಕೋಷ್ಟಕ ಬಂದ ಕೂಡಲೇ ತಲೆಗಳು ಫೋನಿನ ಕಡೆಗೆ ಬಾಗುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಕಥೆಯನ್ನು ಮುನ್ನುಡಿಯಾಗಿ ಬಳಸುತ್ತಿದ್ದೀರಿ. ಮುನ್ನುಡಿಯನ್ನಷ್ಟೇ ಓದಿ ಪುಸ್ತಕ ಮುಚ್ಚಿಡುವವರಂತೆ ನಿಮ್ಮ ಕೇಳುಗರು ಕಥೆಯನ್ನಷ್ಟೇ ಕೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದಾರೆ, ಅಷ್ಟೆ. ಅವರನ್ನು ದೂರುವಂತಿಲ್ಲ. ಕಥೆ ಮುಗಿಯಿತು ಎಂಬ ಸೂಚನೆಯನ್ನು ಮೊದಲ ಕೋಷ್ಟಕದ ಮೂಲಕ ನೀವೇ ಕೊಡುತ್ತಿದ್ದೀರಿ. ಈ ಮಾತನ್ನು ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ, ಏಕೆಂದರೆ ಅನೇಕ ವರ್ಷಗಳ ಕಾಲ ನಾನೂ ಇದನ್ನೇ ಮಾಡಿಕೊಂಡು ಬಂದವನು.

ಕಥೆಗೆ ಜನ ಕಿವಿಗೊಡುವುದು ಅದರ ಸ್ವಾರಸ್ಯಕ್ಕಾಗಿ ಮಾತ್ರ ಎಂದು ಭಾವಿಸುವುದು ರೂಢಿ. ಅದಕ್ಕಿಂತ ಮುಖ್ಯವಾದದ್ದು ಒಂದು ಸಂಗತಿ ಇನ್ನೊಂದಕ್ಕೆ ಕಾರಣವಾಗುತ್ತ ಹೋಗುವ ಅದರ ಒಳಜೋಡಣೆ. 1969ರಲ್ಲಿ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ತಲಾ ಹತ್ತು ಪದಗಳ ಹನ್ನೆರಡು ಪಟ್ಟಿಗಳನ್ನು ಕೊಟ್ಟರು. ಒಂದು ಗುಂಪು ಅವನ್ನು ತನಗೆ ತೋಚಿದಂತೆ ಕಲಿಯಿತು. ಇನ್ನೊಂದು ಗುಂಪಿಗೆ ಪ್ರತಿ ಪಟ್ಟಿಯ ಪದಗಳನ್ನೂ ಒಂದು ಕಥೆಯಾಗಿ ಹೆಣೆಯಿರಿ ಎಂದು ಹೇಳಲಾಯಿತು. ಎಲ್ಲ ಪಟ್ಟಿಗಳೂ ಮುಗಿದ ಮೇಲೆ ಕೇಳಿದಾಗ ಮೊದಲ ಗುಂಪಿನವರು ಸರಾಸರಿ 13ರಷ್ಟು ಪ್ರತಿಶತ ಪದಗಳನ್ನು ನೆನಪಿಸಿಕೊಂಡರೆ ಕಥೆ ಹೆಣೆದವರು 93ರಷ್ಟು ಪ್ರತಿಶತವನ್ನು ನೆನಪಿಸಿಕೊಂಡರು. ಪದಗಳು ಅವೇ ಆಗಿದ್ದವು, ಸಮಯವೂ ಅಷ್ಟೇ ಆಗಿತ್ತು. ಅವು ಒಂದರ ಕೈ ಇನ್ನೊಂದು ಹಿಡಿದಿದ್ದವು ಎಂಬುದೊಂದೇ ವ್ಯತ್ಯಾಸ. ನಿಮ್ಮ ಕೋಷ್ಟಕದ ಸಾಲುಗಳು ಹಾಗೆ ಕೈ ಹಿಡಿದುಕೊಂಡಿವೆಯೇ ಎಂದು ನೋಡಿಕೊಳ್ಳಿ. ನೀವು ಹೇಳುತ್ತಿರುವ ಸ್ವಾರಸ್ಯಕರ ಕಥೆಗೂ ಆ ಕೋಷ್ಟಕಕ್ಕೂ ಅಂಥ ಸಂಬಂಧವೇನಾದರೂ ಇದೆಯೇ?

ಹಾಗಾದರೆ ಕಥೆ, ಅಂಕಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಸಾಕೇ ಎಂದು ನೀವು ಕೇಳಬಹುದು. ಸಾಲದು, ಕೆಲವೊಮ್ಮೆ ಅದರಿಂದ ನಷ್ಟವೇ ಆಗುತ್ತದೆ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೊವಿಕ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಐದು ಡಾಲರ್ ಕೈಗಿತ್ತು ಅದರಲ್ಲಿ ಎಷ್ಟನ್ನು ಹಸಿದ ಮಕ್ಕಳಿಗೆ ಕೊಡುತ್ತೀರಿ ಎಂದು ಕೇಳಲಾಯಿತು. ಒಂದೇ ಒಂದು ಮಗುವಿನ ಚಿತ್ರ ಮತ್ತು ವೃತ್ತಾಂತವನ್ನು ಕಂಡವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಸಂಕಟದ ಅಂಕಿಗಳನ್ನು ಮಾತ್ರ ಓದಿದವರು 1.14 ಡಾಲರ್ ಕೊಟ್ಟರು. ಕುತೂಹಲದ ಸಂಗತಿಯೆಂದರೆ ಮಗುವಿನ ವೃತ್ತಾಂತವನ್ನೂ ಅಂಕಿಗಳನ್ನೂ ಒಟ್ಟಿಗೆ ಕಂಡವರ ಸರಾಸರಿ 1.43ಕ್ಕೆ ಇಳಿಯಿತು. ಲೆಕ್ಕ ಹಾಕುವ ಮನಸ್ಸು ಒಮ್ಮೆ ಎಚ್ಚರಗೊಂಡರೆ ಮರುಗುವ ಮನಸ್ಸು ಹಿಂದೆ ಸರಿಯುತ್ತದೆ ಎಂದು ಅದನ್ನು ಅರ್ಥೈಸುತ್ತಾರೆ. ದಾನದ ಪ್ರಸಂಗಕ್ಕೆ ಸಂಬಂಧಿಸಿದ ಈ ಫಲಿತಾಂಶವನ್ನು ಎಲ್ಲ ಸಭೆಗಳಿಗೂ ಎಳೆದು ಹೊಂದಿಸಬಾರದು. ನಿಮ್ಮ ಆಡಳಿತದವರಿಗೆ ಲೆಕ್ಕ ಬೇಕೇ ಬೇಕು. ಆದರೆ ಅಂಕಿ ಎಲ್ಲಿ ಬರಬೇಕು ಎಂಬುದನ್ನು ಇದು ಸೂಚಿಸುತ್ತದೆ: ಕೇಳುಗರಲ್ಲಿ ಅದರ ಬಗ್ಗೆ ಪ್ರಶ್ನೆ ಹುಟ್ಟಿದ ಮೇಲೆ ಬರಬೇಕು.

ನಿಮ್ಮದೇ ಪತ್ರದ ಕೊನೆಯಲ್ಲಿ ನೀವು ಮಾತಿನ ನಡುವೆ ಬರೆದು ಮುಂದೆ ಹೋದ ಸಂಗತಿಯೊಂದಿದೆ. ರಾತ್ರಿ ಪಾಳಿ ಮುಗಿಯಲು ಅರ್ಧ ಗಂಟೆಯಿದ್ದಾಗ ಯಂತ್ರವೊಂದು ಸಿಕ್ಕಿಹಾಕಿಕೊಂಡಿತು. ನಿಗದಿಯಾದ ಕೆಲಸವನ್ನು ಮುಂದಿನ ಪಾಳಿಯವರಿಗೆ ಬಾಕಿ ಬಿಟ್ಟು ಹೋಗಲು ಒಪ್ಪದ ಅನುಭವಿ ಕಾರ್ಮಿಕರೊಬ್ಬರು ಯಂತ್ರವನ್ನು ನಿಲ್ಲಿಸದೆ ಮೇಲಿನ ಕವಚವನ್ನು ತೆಗೆದರು. ಅವರ ಎರಡು ಬೆರಳುಗಳು ಹೋದವು. ನಿಮ್ಮ ಕಥೆ ಇದೇ, ಬೇರೆ ಕಥೆಯನ್ನು ಹುಡುಕಬೇಡಿ. ಆ ಮನುಷ್ಯರಿಗೆ ಏನೋ ಬೇಕಿತ್ತು, ಅದಕ್ಕೆ ಅಡ್ಡಿಯೊಂದು ಬಂತು, ಅವರು ಒಂದು ನಿರ್ಧಾರ ಮಾಡಿದರು, ಆ ನಿರ್ಧಾರದಿಂದ ಎಲ್ಲವೂ ಬದಲಾಯಿತು. ಕವಚ ತೆಗೆದ ಆ ಕ್ಷಣಕ್ಕೆ ಬಂದು ಮಾತು ನಿಲ್ಲಿಸಿ. ‘ಅಷ್ಟು ವರ್ಷ ಕೆಲಸ ಮಾಡಿದವರು ಏಕೆ ಹೀಗೆ ಮಾಡಿದರು? ಇದು ಅವರೊಬ್ಬರ ತಪ್ಪೇ?’ ಎಂಬ ಪ್ರಶ್ನೆ ಕೇಳುಗರ ಮನಸ್ಸಿನಲ್ಲಿ ಆಗ ತಾನಾಗಿ ಏಳುತ್ತದೆ. ಅದಕ್ಕೆ ಉತ್ತರವಾಗಿ ನಿಮ್ಮ ಕೋಷ್ಟಕದ ಒಂದೇ ಒಂದು ಸಾಲನ್ನು ತೋರಿಸಿ: ಗಾಯಗಳಲ್ಲಿ ಎಷ್ಟು ಪಾಳಿ ಮುಗಿಯುವ ಕೊನೆಯ ಗಂಟೆಯಲ್ಲಿ ಆಗಿವೆ ಎಂಬ ಸಾಲು. ಆಗ ಆ ಅಂಕಿಯೇ ಕಥೆಯ ಮುಂದಿನ ಘಟನೆಯಾಗುತ್ತದೆ. ಉಳಿದ ಕೋಷ್ಟಕಗಳನ್ನು ಮುದ್ರಿಸಿ ಕೈಗೆ ಕೊಡಿ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: ಆ ಕಾರ್ಮಿಕರ ಒಪ್ಪಿಗೆ ಪಡೆಯಿರಿ, ಮತ್ತು ಅವರನ್ನು ಮೂರ್ಖರಂತೆ ಚಿತ್ರಿಸಬೇಡಿ. ಚಿತ್ರಿಸಿದಿರೋ, ‘ನಾನು ಹಾಗೆ ಮಾಡುವವನಲ್ಲ’ ಎಂದು ಪ್ರತಿಯೊಬ್ಬರೂ ನಿರಾಳವಾಗಿ ಎದ್ದುಹೋಗುತ್ತಾರೆ.

ಪ್ರಶ್ನೆ: ಭಾಷಣವನ್ನು ಹಾಸ್ಯದಿಂದ ಆರಂಭಿಸಲೇಬೇಕೇ?

ಉತ್ತರ: ಬೇಡ. ಎಲ್ಲಿಂದಲೋ ತಂದ ನಗೆಹನಿಗೆ ಸಭೆ ನಕ್ಕರೂ ಆ ನಗೆಗೂ ನಿಮ್ಮ ವಿಷಯಕ್ಕೂ ಸಂಬಂಧವಿರುವುದಿಲ್ಲ. ನಗದಿದ್ದರಂತೂ ಉಳಿದ ಹೊತ್ತನ್ನು ಆ ಮೌನದ ಭಾರ ಹೊತ್ತುಕೊಂಡೇ ಕಳೆಯಬೇಕಾಗುತ್ತದೆ. ಮಾತಿನ ನಡುವೆ ವಿಷಯದೊಳಗಿಂದಲೇ ಹುಟ್ಟುವ ನಗೆಯನ್ನು ತಡೆಯಬೇಡಿ. ನಗಿಸಲೇಬೇಕೆಂದು ಹೊರಟವರು ತಮ್ಮನ್ನು ಬಿಟ್ಟು ಬೇರೆ ಯಾರನ್ನಾದರೂ ಗುರಿಮಾಡುವುದನ್ನೂ ನಾನು ಬಹಳ ನೋಡಿದ್ದೇನೆ; ಗುರಿಯಾದವರು ಅದನ್ನು ಮರೆಯುವುದಿಲ್ಲ.

ಪ್ರಶ್ನೆ: ನಾನು ಸ್ವಭಾವತಃ ಮಿತಭಾಷಿ. ವಿಷಯ ಚೆನ್ನಾಗಿ ಗೊತ್ತಿದ್ದರೂ ‘ನಿಮ್ಮ ಮಾತು ಒಣಗಿದಂತಿರುತ್ತದೆ’ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ನನ್ನಷ್ಟು ಸಿದ್ಧತೆ ಮಾಡಿಕೊಳ್ಳದಿದ್ದರೂ ಸಭೆಗೆ ಕಾಲಿಟ್ಟ ಕ್ಷಣದಿಂದ ಎಲ್ಲರಿಗೂ ಪ್ರಿಯರಾಗಿಬಿಡುತ್ತಾರೆ. ಹೆಚ್ಚು ನಗಬೇಕು, ಕೈಗಳನ್ನು ಹೆಚ್ಚು ಆಡಿಸಬೇಕು ಎಂದು ಸಲಹೆ ಕೊಡುತ್ತಾರೆ. ಹಾಗೆ ಮಾಡಿದಾಗ ವೇಷ ಹಾಕಿದಂತೆ ಅನಿಸುತ್ತದೆ. ಜನರಿಗೆ ಇಷ್ಟವಾಗುವುದನ್ನು ಕಲಿಯಲು ಸಾಧ್ಯವೇ?

ಉತ್ತರ: ನಿಮಗೆ ವೇಷದಂತೆ ಅನಿಸಿದ್ದು ಕೇಳುಗರಿಗೂ ವೇಷದಂತೆಯೇ ಕಾಣುತ್ತದೆ, ಆದ್ದರಿಂದ ಆ ಸಲಹೆಗಳನ್ನು ಬದಿಗಿಡಿ. ಮಾತುಗಾರನನ್ನು ಜನ ಏಕೆ ನಂಬುತ್ತಾರೆ ಎಂಬುದನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲ್ ವಿವೇಚಿಸಿದ್ದ. ವಾದದ ಬಲವನ್ನು ಬಿಟ್ಟರೆ ನಂಬಿಕೆಗೆ ಮೂರು ಆಧಾರಗಳನ್ನು ಅವನು ಹೇಳುತ್ತಾನೆ: ವಿವೇಕ, ಸಚ್ಚಾರಿತ್ರ್ಯ, ಮತ್ತು ಕೇಳುಗರ ಬಗೆಗಿನ ಹಿತಬುದ್ಧಿ. ನಗು, ಕೈಸನ್ನೆ, ಗಟ್ಟಿದನಿ ಯಾವುದೂ ಈ ಮೂರರ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ನಿಮ್ಮಲ್ಲಿ ಮೊದಲ ಎರಡಕ್ಕೆ ಕೊರತೆಯಿರುವಂತೆ ಕಾಣುವುದಿಲ್ಲ. ಮೂರನೆಯದು ಇದೆಯಾದರೂ ಹೊರಗೆ ಕಾಣುತ್ತಿಲ್ಲ ಎಂದು ನನ್ನ ಊಹೆ. ನಿಮ್ಮ ಸಹೋದ್ಯೋಗಿಯಲ್ಲಿ ಅದು ಧಾರಾಳವಾಗಿ ಕಾಣುತ್ತಿರಬೇಕು.

ಹಿತಬುದ್ಧಿಯನ್ನು ಕಾಣಿಸುವುದಕ್ಕೆ ಮಿತಭಾಷಿಗಳಿಗೆ ಹೇಳಿಮಾಡಿಸಿದ ಸಾಧನವೊಂದಿದೆ, ಅದು ಪ್ರಶ್ನೆ. ಅಮೆರಿಕದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸಂಭಾಷಣೆಯಲ್ಲಿ ಹೆಚ್ಚು ಪ್ರಶ್ನೆ ಕೇಳಿದವರು, ಅದರಲ್ಲೂ ಎದುರಿನವರ ಉತ್ತರವನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಿದವರು, ಹೆಚ್ಚು ಇಷ್ಟವಾಗುತ್ತಾರೆ ಎಂದು ತೋರಿಸಿತು. ಕೇಳಬೇಕೆಂದು ಕೇಳಿದ ಪ್ರಶ್ನೆಗೂ ಉತ್ತರ ಕಿವಿಗೆ ಬಿದ್ದಿದ್ದರಿಂದ ಹುಟ್ಟಿದ ಪ್ರಶ್ನೆಗೂ ಇರುವ ಅಂತರವನ್ನು ಯಾರೂ ಕಲಿಸದೆಯೇ ಜನ ಗುರುತಿಸುತ್ತಾರೆ. ಇದನ್ನು ಸಭೆಗೆ ಅನ್ವಯಿಸುವ ಬಗೆ ಸರಳವಾಗಿದೆ. ಕಾರ್ಯಕ್ರಮಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೋಗಿ. ಬಂದು ಕುಳಿತವರಲ್ಲಿ ಮೂರು ನಾಲ್ಕು ಜನರ ಬಳಿಗೆ ನೀವಾಗಿಯೇ ಹೋಗಿ ಈ ವಿಷಯದಲ್ಲಿ ನಿಮಗೆ ಎಲ್ಲಿ ತೊಡಕಾಗಿದೆ ಎಂದು ಕೇಳಿ. ಅವರು ಹೇಳಿದ್ದನ್ನು ಇನ್ನೊಂದು ಪ್ರಶ್ನೆಯಿಂದ ಬಿಡಿಸಿಕೊಳ್ಳಿ. ಮಾತಿನ ನಡುವೆ ‘ಈಗ ಸ್ವಲ್ಪ ಹೊತ್ತಿನ ಮುಂಚೆ ಇಲ್ಲಿ ಕುಳಿತವರೊಬ್ಬರು ಹೇಳಿದಂತೆ’ ಎಂದು ಅದನ್ನು ಎತ್ತಿಕೊಳ್ಳಿ. ಆ ಒಂದು ವಾಕ್ಯಕ್ಕೆ ಇಡೀ ಸಭೆ ತಲೆಯೆತ್ತುತ್ತದೆ. ನೀವು ಬರೆದುಕೊಂಡು ಬಂದದ್ದನ್ನು ಓದಿ ಹೋಗಲು ಬಂದವರಲ್ಲ ಎಂಬುದು ಎಲ್ಲರಿಗೂ ಅರಿವಾಗುತ್ತದೆ.

ಇನ್ನೊಂದು ವಿಷಯವನ್ನೂ ನೀವು ತಿಳಿದಿರಬೇಕು. ‘ನಾನು ಅವರಿಗೆ ಇಷ್ಟವಾಗಲಿಲ್ಲ’ ಎಂಬ ನಮ್ಮ ಅಂದಾಜು ಬಹುಮಟ್ಟಿಗೆ ತಪ್ಪು. ಪರಿಚಯವಿಲ್ಲದ ಇಬ್ಬರನ್ನು ಮಾತಿಗೆ ಕೂರಿಸಿ, ಅವರು ನಿಮಗೆ ಎಷ್ಟು ಇಷ್ಟವಾದರು, ನೀವು ಅವರಿಗೆ ಎಷ್ಟು ಇಷ್ಟವಾದಿರಿ ಎಂದು ಬೇರೆಬೇರೆಯಾಗಿ ಕೇಳಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ನಡೆಸಿದ ಆ ಅಧ್ಯಯನದಲ್ಲಿ, ಎದುರಿನವರಿಗೆ ತಾವು ಇಷ್ಟವಾದ ಪ್ರಮಾಣವನ್ನು ಜನ ನಿಜಕ್ಕಿಂತ ಕಡಿಮೆಯಾಗಿಯೇ ಎಣಿಸಿದ್ದರು. ಮಾತಿನ ಉದ್ದಕ್ಕೂ ನಮ್ಮ ತಪ್ಪುಗಳನ್ನೇ ಎಣಿಸುತ್ತ ಕುಳಿತ ನಮಗೆ ಎದುರಿನವರ ಮುಖದ ಮೇಲಿನ ಸ್ನೇಹ ಕಾಣುವುದಿಲ್ಲ.

ತಪ್ಪುಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರ 1966ರ ಪ್ರಯೋಗವೊಂದು ತರಬೇತಿಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ, ಆದರೆ ಅರ್ಧವಷ್ಟೇ. ರಸಪ್ರಶ್ನೆಯೊಂದರಲ್ಲಿ ಪಾಲ್ಗೊಂಡವರ ಧ್ವನಿಮುದ್ರಣವನ್ನು ಕೇಳಿಸಲಾಯಿತು. ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದ ಜಾಣ ಕೊನೆಯಲ್ಲಿ ಕಾಫಿ ಚೆಲ್ಲಿಕೊಂಡ ಸದ್ದು ಕೇಳಿಬಂದಾಗ ಅವನ ಮೇಲಿನ ಒಲವು ಹೆಚ್ಚಿತು. ಇಲ್ಲಿಗೆ ನಿಲ್ಲಿಸಿ ‘ಆದ್ದರಿಂದ ಎಡವಿ, ಪ್ರಿಯರಾಗಿ’ ಎಂದು ಹೇಳಿಬಿಡುತ್ತಾರೆ. ಉಳಿದರ್ಧ ಹೀಗಿದೆ: ಸಾಧಾರಣವಾಗಿ ಉತ್ತರಿಸಿದವನು ಅದೇ ರೀತಿ ಕಾಫಿ ಚೆಲ್ಲಿಕೊಂಡಾಗ ಅವನ ಮೇಲಿನ ಒಲವು ಇನ್ನಷ್ಟು ಇಳಿಯಿತು. ಸಿದ್ಧತೆಯಿಲ್ಲದವರ ಎಡವಟ್ಟು ಸಿದ್ಧತೆಯಿಲ್ಲದಿರುವುದಕ್ಕೆ ಸಾಕ್ಷಿಯಾಗುತ್ತದೆಯೇ ಹೊರತು ಮುಗ್ಧತೆಯಾಗಿ ಕಾಣುವುದಿಲ್ಲ. ನಿಮಗಂತೂ ಈ ಪ್ರಯೋಗದಿಂದ ಸಮಾಧಾನವೇ ಸಿಗಬೇಕು. ವಿಷಯದ ಮೇಲೆ ಹಿಡಿತವಿರುವ ನೀವು ಒಂದು ಮಾತಿಗೆ ತಡವರಿಸಿದರೆ, ‘ಇದು ನನಗೂ ಬಹಳ ದಿನ ಅರ್ಥವಾಗಿರಲಿಲ್ಲ’ ಎಂದು ಒಪ್ಪಿಕೊಂಡರೆ, ಕಳೆದುಕೊಳ್ಳುವುದೇನೂ ಇಲ್ಲ. ಹಾಗೆಂದು ಬೇಕೆಂದೇ ಎಡವುವ ನಟನೆಗೆ ಇಳಿಯಬೇಡಿ.

ಪ್ರಶ್ನೆ: ನನ್ನ ಮಗುವಿನ ದೀರ್ಘ ಕಾಯಿಲೆಯ ದಿನಗಳ ಬಗ್ಗೆ ಶುಶ್ರೂಷಾ ತರಬೇತಿ ಪಡೆಯುತ್ತಿರುವ ಯುವಜನರ ಮುಂದೆ ಮಾತನಾಡಿ ಎಂದು ಆಹ್ವಾನಿಸಿದ್ದರು. ಎಲ್ಲವನ್ನೂ ಮನಸ್ಸು ಬಿಚ್ಚಿ ಹೇಳಿದೆ, ಮಧ್ಯೆ ಅತ್ತೂಬಿಟ್ಟೆ. ಎಲ್ಲರೂ ಬಂದು ನನ್ನನ್ನು ಸಂತೈಸಿದರು. ಆದರೆ ಆರೈಕೆಯ ಬಗ್ಗೆ ನಾನು ಹೇಳಲು ಹೋಗಿದ್ದ ಮಾತು ಯಾರಿಗೂ ತಲುಪಲಿಲ್ಲವೆಂದು ಆಮೇಲೆ ತಿಳಿಯಿತು. ಸ್ವಂತ ದುಃಖವನ್ನು ಸಭೆಯಲ್ಲಿ ಹೇಳಬಾರದೇ?

ಉತ್ತರ: ಹೇಳಬಹುದು, ನಿಮ್ಮಂಥವರು ಹೇಳಲೇಬೇಕು. ಅತ್ತದ್ದಕ್ಕೆ ನಾಚಬೇಕಾಗಿಯೂ ಇಲ್ಲ. ಆದರೆ ಅಂದು ಸಭೆಯಲ್ಲಿ ಏನಾಯಿತು ಎಂಬುದನ್ನು ವಿವರಿಸಲು ನಮ್ಮ ಕಾವ್ಯಮೀಮಾಂಸೆಯಲ್ಲಿ ಒಂದು ಒಳ್ಳೆಯ ಮಾತಿದೆ. ಶೋಕ ಬೇರೆ, ಕರುಣರಸ ಬೇರೆ. ಶೋಕ ಒಬ್ಬರ ಸ್ವತ್ತು. ಅದನ್ನು ನೇರವಾಗಿ ಕಂಡವರು ಕೈಲಾದ ನೆರವಿಗೆ ಧಾವಿಸುತ್ತಾರೆ ಅಥವಾ ಮುಜುಗರದಿಂದ ಮುಖ ತಿರುಗಿಸುತ್ತಾರೆ. ಅದೇ ಶೋಕ ‘ನನ್ನದು’, ‘ಅವರದು’ ಎಂಬ ಒಡೆತನವನ್ನು ಕಳಚಿಕೊಂಡು ಎಲ್ಲರೂ ಪ್ರವೇಶಿಸಬಹುದಾದ ಅನುಭವವಾದಾಗ ರಸವಾಗುತ್ತದೆ. ಹಳೆಯ ಕಾವ್ಯಮೀಮಾಂಸಕ ಭಟ್ಟನಾಯಕ ಇದನ್ನು ಸಾಧಾರಣೀಕರಣವೆಂದು ಕರೆದ. ನಿಮ್ಮ ಮಾತು ಶೋಕದ ಹಂತದಲ್ಲಿಯೇ ನಿಂತಿತು. ಅದಕ್ಕೆ ತಕ್ಕಂತೆ ಆ ಮಕ್ಕಳು ನಿಮ್ಮನ್ನು ಸಂತೈಸಲು ಬಂದರು. ಮನುಷ್ಯರಾಗಿ ಅವರು ಮಾಡಿದ್ದು ಸರಿಯೇ. ಕೇಳುಗರಾಗಿ ಮಾತ್ರ ಅವರಿಗೆ ಬೇರೆ ದಾರಿಯಿರಲಿಲ್ಲ.

ಒಡೆತನವನ್ನು ಕಳಚುವುದೆಂದರೆ ಭಾವವನ್ನು ತೆಗೆದುಹಾಕುವುದೆಂದಲ್ಲ, ನೋಟವನ್ನು ತಿರುಗಿಸುವುದು. ‘ನಾನು ಎಷ್ಟು ನೊಂದೆ’ ಎಂಬಲ್ಲಿಂದ ‘ಆ ಕೋಣೆಯಲ್ಲಿ ನಾನು ಏನನ್ನು ಕಂಡೆ’ ಎಂಬಲ್ಲಿಗೆ ಬನ್ನಿ. ನೀವು ಪತ್ರದಲ್ಲಿ ಬರೆದಿರುವ ಆ ದಾದಿಯನ್ನು ನೆನಪಿಸಿಕೊಳ್ಳಿ: ಪ್ರತಿ ಬಾರಿ ಸೂಜಿ ಚುಚ್ಚುವ ಮೊದಲು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು, ಈಗ ಏನು ಮಾಡುತ್ತೇನೆ ಎಂದು ಮಗುವಿಗೇ ಹೇಳುತ್ತಿದ್ದವರು. ನಿಂತುಕೊಂಡೇ ಕೆಲಸ ಮುಗಿಸಿ ಹೋಗುತ್ತಿದ್ದವರು ಬಂದಾಗ ಮಗು ಗೋಡೆಯ ಕಡೆಗೆ ತಿರುಗುತ್ತಿದ್ದುದನ್ನೂ ಬರೆದಿದ್ದೀರಿ. ಕುರ್ಚಿ ಎಳೆಯುವ ಆ ಸದ್ದು, ಗೋಡೆಯ ಕಡೆಗೆ ತಿರುಗುವ ಆ ತಲೆ, ಇವೆರಡನ್ನು ಹೇಳಿದರೆ ಸಾಕು. ನಾಳೆ ವಾರ್ಡಿನಲ್ಲಿ ನಿಲ್ಲಬೇಕಾದ ಯುವಜನರಿಗೆ ತಾವು ಎಲ್ಲಿ ಕೂರಬೇಕೆಂಬುದು ಗೊತ್ತಾಗುತ್ತದೆ. ನೀವು ಅಲ್ಲಿ ಸಾಕ್ಷಿ. ಸಾಕ್ಷಿಯ ದನಿ ನಡುಗಿದರೂ ಕೇಳುಗರ ಗಮನ ಸಾಕ್ಷಿ ಕಂಡದ್ದರ ಮೇಲೆಯೇ ಇರುತ್ತದೆ.

ಯಾವ ವಿವರವನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಆಯ್ದುಕೊಳ್ಳುವುದಕ್ಕೆ ನಿಮ್ಮಿಂದ ಇನ್ನೂ ಆಗುತ್ತಿಲ್ಲವಾದರೆ, ಎಲ್ಲವೂ ಒಟ್ಟಿಗೇ ಉಕ್ಕಿ ಬರುತ್ತಿದೆಯಾದರೆ, ಇನ್ನೂ ಸ್ವಲ್ಪ ಕಾಲ ಬರೆಯಿರಿ, ಆಪ್ತರೊಬ್ಬರಿಗೆ ಹೇಳಿ. ಆಹ್ವಾನಗಳು ಕಾಯುತ್ತವೆ.

ಪ್ರಶ್ನೆ: ಕಥೆ ಚೆನ್ನಾಗಿ ಕೂಡಿಬರಲೆಂದು ಎರಡು ಬೇರೆ ಘಟನೆಗಳನ್ನು ಒಂದಾಗಿಸಿ, ಒಬ್ಬರ ಬಾಯಲ್ಲಿ ಅವರು ಆಡದ ಮಾತನ್ನು ಇಟ್ಟು ‘ಇದು ನಿಜವಾಗಿ ನಡೆದದ್ದು’ ಎಂದು ಹೇಳಿದ್ದುಂಟು. ಉದ್ದೇಶ ಒಳ್ಳೆಯದೇ ಆಗಿತ್ತು. ಇದು ಸುಳ್ಳಾಗುತ್ತದೆಯೇ?

ಉತ್ತರ: ಆಗುತ್ತದೆ. ‘ನಿಜವಾಗಿ ನಡೆದದ್ದು’ ಎಂಬ ಮಾತನ್ನು ನೀವು ಸೇರಿಸದಿದ್ದರೆ ನನ್ನ ಉತ್ತರ ಇಷ್ಟು ಚಿಕ್ಕದಾಗಿರುತ್ತಿರಲಿಲ್ಲ.

ಕಾರಣವನ್ನು ಹೇಳುತ್ತೇನೆ. ಮೆಲನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಥೆಯೊಳಗೆ ಆಳವಾಗಿ ಮುಳುಗಿದ ಓದುಗರ ನಂಬಿಕೆಗಳು ಆ ಕಥೆಯ ಕಡೆಗೆ ಹೆಚ್ಚು ವಾಲಿದವು, ಮತ್ತು ಕಥೆಯೊಳಗಿನ ಅಪಸ್ವರಗಳನ್ನು ಅವರು ಕಡಿಮೆ ಗುರುತಿಸಿದರು. ಅದು ನೈಜ ವರದಿಯೆಂದು ಹೇಳಿದರೂ ಕಲ್ಪಿತವೆಂದು ಹೇಳಿದರೂ ಪರಿಣಾಮದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಇದರಿಂದ ಎರಡು ವಿಷಯಗಳು ಹೊರಡುತ್ತವೆ. ಕೇಳುಗ ತನ್ಮಯನಾದಾಗ ಅವನ ಕಾವಲು ಸಡಿಲವಾಗಿರುತ್ತದೆ. ಅವನು ಪರೀಕ್ಷಿಸುವುದನ್ನು ಬಿಟ್ಟುಕೊಟ್ಟದ್ದು ನಿಮ್ಮ ಮೇಲಿನ ಭರವಸೆಯಿಂದ. ಎರಡನೆಯದು, ‘ಇದು ಕಲ್ಪಿತ’ ಎಂದು ಪ್ರಾಮಾಣಿಕವಾಗಿ ಹೇಳಿದರೂ ಕಥೆಯ ಶಕ್ತಿ ಕುಂದುವುದಿಲ್ಲ. ಹಾಗಿರುವಾಗ ಸುಳ್ಳು ಹೇಳಿ ಗಳಿಸುವುದಾದರೂ ಏನು?

ವಾಸ್ತವ ಘಟನೆಯನ್ನು ಹೇಳುವಾಗ ಕೆಲವು ಸ್ವಾತಂತ್ರ್ಯಗಳನ್ನು ಎಲ್ಲರೂ ಒಪ್ಪುತ್ತಾರೆ. ಹೆಸರು ಬದಲಿಸಬಹುದು, ಅಪ್ರಸ್ತುತವಾದವರನ್ನು ಬಿಡಬಹುದು, ಮೂರು ದಿನದ ಮಾತುಕತೆಯನ್ನು ‘ಅವರು ಹೇಳಿದ ಸಾರಾಂಶವಿಷ್ಟು’ ಎಂದು ಕಿರಿದುಗೊಳಿಸಬಹುದು. ಯಾರು ಏನು ಮಾಡಿದರು, ಅದರಿಂದ ಏನಾಯಿತು ಎಂಬ ಕಾರ್ಯಕಾರಣವನ್ನು ಮಾತ್ರ ಮುಟ್ಟಬಾರದು. ಎರಡು ಘಟನೆಗಳನ್ನು ಒಂದಾಗಿಸಬೇಕೆನಿಸಿದರೆ ‘ಇಂಥವರನ್ನು ಹಲವರನ್ನು ಕಂಡಿದ್ದೇನೆ, ಅವರೆಲ್ಲರನ್ನೂ ಸೇರಿಸಿ ಒಬ್ಬರನ್ನು ಕಲ್ಪಿಸಿಕೊಳ್ಳಿ’ ಎಂದು ಆರಂಭಿಸಿ. ನೆನಪು ತಾನಾಗಿಯೇ ಕಥೆಯನ್ನು ತಿದ್ದುತ್ತದೆ ಎಂಬುದೂ ಇಲ್ಲಿ ಲಕ್ಷ್ಯಕ್ಕೆ ಬರಬೇಕು. ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತ ಸಂಸ್ಕೃತಿಯ ಕಥೆಯೊಂದನ್ನು ಓದಿದವರು ಮತ್ತೆ ಮತ್ತೆ ಹೇಳುತ್ತ ಹೋದಂತೆ ವಿಚಿತ್ರವೆನಿಸಿದ ಭಾಗಗಳು ಕಳಚಿ, ಕಥೆ ಅವರಿಗೆ ಒಗ್ಗುವ ರೂಪಕ್ಕೆ ಬಂದುಬಿಟ್ಟಿತು. ಐವತ್ತು ಬಾರಿ ಹೇಳಿದ ನಿಮ್ಮ ಕಥೆಯನ್ನು ಒಮ್ಮೆಯಾದರೂ ಅದರಲ್ಲಿ ಪಾಲ್ಗೊಂಡ ಇನ್ನೊಬ್ಬರ ಮುಂದೆ ಹೇಳಿ ನೋಡಿ. ನಾನು ಹಾಗೆ ಮಾಡಿದಾಗ ಒಂದು ಒಳ್ಳೆಯ ಕಥೆಯನ್ನು ಕಳೆದುಕೊಂಡೆ. ಅದರಲ್ಲಿ ನಾನು ಹೇಳಿದ್ದೇನೆಂದು ನಂಬಿದ್ದ ಚುರುಕಾದ ಮಾತನ್ನು ಆಡಿದ್ದು ಅವರಾಗಿದ್ದರು.

ಪ್ರಶ್ನೆ: ಮಾತಿಗೆ ನಿಂತರೆ ಕೈ ನಡುಗುತ್ತದೆ, ಗಂಟಲು ಒಣಗುತ್ತದೆ. ಇಡೀ ಸಭೆ ನನ್ನ ನಡುಕವನ್ನೇ ನೋಡುತ್ತಿದೆ ಎನಿಸಿ ಕಥೆ ಮರೆತುಹೋಗುತ್ತದೆ.

ಉತ್ತರ: ಇಡೀ ಸಭೆ ನೋಡುತ್ತಿರುವುದಿಲ್ಲ. ತಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಯೊಬ್ಬರಿಗೆ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟನ್ನು ತೊಡಿಸಿ ಇತರರು ಕುಳಿತ ಕೋಣೆಗೆ ಕಳಿಸುತ್ತಿದ್ದರು. ಅರ್ಧದಷ್ಟು ಜನರಾದರೂ ಅದನ್ನು ಗಮನಿಸಿದ್ದಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲುಭಾಗ. ಒಳಗಿನ ತಳಮಳವೂ ಹಾಗೆಯೇ, ನಮಗೆ ಅನಿಸುವಷ್ಟು ಹೊರಗೆ ಕಾಣುವುದಿಲ್ಲ. 2003ರ ಇನ್ನೊಂದು ಅಧ್ಯಯನದಲ್ಲಿ, ಈ ಭ್ರಮೆಯ ಬಗ್ಗೆ ಮೊದಲೇ ತಿಳಿಸಲ್ಪಟ್ಟವರು ಇತರರಿಗಿಂತ ಉತ್ತಮವಾಗಿ ಮಾತನಾಡಿದರು. ಆದ್ದರಿಂದ ಈ ಉತ್ತರವನ್ನು ಓದಿದ್ದರಿಂದಲೇ ನಿಮ್ಮ ಅರ್ಧ ಕೆಲಸ ಆಗಿರಬಹುದು.

ಉಳಿದರ್ಧಕ್ಕೆ ಒಂದು ಅಭ್ಯಾಸ: ಕಥೆಯನ್ನು ವಾಕ್ಯಗಳಾಗಿ ಬಾಯಿಪಾಠ ಮಾಡಬೇಡಿ, ಚಿತ್ರಗಳಾಗಿ ನೆನಪಿಡಿ. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕುಸಿಯುತ್ತದೆ. ಬಾಗಿಲು, ಮೆಟ್ಟಿಲು, ಮೆಟ್ಟಿಲ ಮೇಲೆ ಕುಳಿತ ಮನುಷ್ಯ ಎಂದು ನೋಡಿಕೊಂಡು ಹೋದರೆ ಪದಗಳು ಪ್ರತಿ ಬಾರಿ ಬೇರೆಯಾದರೂ ದಾರಿ ತಪ್ಪುವುದಿಲ್ಲ. ಕಣ್ಣಿನ ಮುಂದೆ ಆ ಮೆಟ್ಟಿಲು ಇರುವಾಗ ನಿಮ್ಮ ಕೈಯನ್ನು ಗಮನಿಸಲು ನಿಮಗೂ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ಕಾಲೇಜಿನ ಕಥನ ಸ್ಪರ್ಧೆಯಲ್ಲಿ ಐದು ನಿಮಿಷ ಕೊಟ್ಟಿದ್ದಾರೆ. ನನ್ನ ಕಥೆ ಹನ್ನೊಂದು ನಿಮಿಷವಿದೆ. ಬೇಗಬೇಗ ಹೇಳಿದರೂ ಒಂಬತ್ತಕ್ಕೆ ಇಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬೇಗಬೇಗ ಹೇಳುವುದನ್ನು ಬಿಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ತನ್ನ ಮನಸ್ಸಿನಲ್ಲಿರುವುದನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವನನ್ನು ಮಾತು ಬಲ್ಲವನೆಂದು ಕರೆದು, ಕಿರಿದರಲ್ಲಿಯೇ ಹಿರಿದಾದ ಅರ್ಥವನ್ನು ತಿಳಿಸಬಲ್ಲವನನ್ನು ಅವನಿಗಿಂತ ನಿಪುಣನೆಂದು ಮೇಲಕ್ಕೇರಿಸುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನದ ಸಮರ್ಪಣೆಗಾಗಿ 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಮುಖ್ಯ ಭಾಷಣ ಮಾಡಿದವರು ಎಡ್ವರ್ಡ್ ಎವರೆಟ್. ಅವರು ಸುಮಾರು ಎರಡು ಗಂಟೆ ಮಾತನಾಡಿದರು. ಅನಂತರ ಎದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡು ಮೂರು ನಿಮಿಷಗಳಲ್ಲಿ ಮುಗಿಸಿದರು. ತಾನು ಎರಡು ಗಂಟೆಯಲ್ಲಿ ಮುಟ್ಟಲಾಗದ ತಿರುಳನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಎಂಬ ಅರ್ಥದ ಪತ್ರವನ್ನು ಎವರೆಟ್ ಮರುದಿನವೇ ಲಿಂಕನ್‌ಗೆ ಬರೆದರು. ಆ ಪತ್ರ ಬರೆದದ್ದಕ್ಕಾಗಿ ಎವರೆಟ್ ನನಗೆ ಲಿಂಕನ್‌ನಷ್ಟೇ ಇಷ್ಟವಾಗುತ್ತಾರೆ.

ನೀವು ಕಳಿಸಿದ ಪ್ರತಿಯಲ್ಲಿ ಕತ್ತರಿ ಹಾಕಬೇಕಾದ ಜಾಗಗಳು ಎದ್ದು ಕಾಣುತ್ತಿವೆ. ಅಜ್ಜ ಬಾವಿಯ ಬಳಿ ಹಗ್ಗ ಬಿಚ್ಚುವಲ್ಲಿ ಕಥೆ ಆರಂಭವಾಗುತ್ತದೆ. ಅದಕ್ಕೂ ಹಿಂದೆ ಮನೆ, ಮರ, ಬೇಸಿಗೆ ರಜೆ, ಪ್ರಯಾಣ ಎಂದು ಮೂರು ನಿಮಿಷ ಹೋಗಿದೆ. ಅದನ್ನೆಲ್ಲ ತೆಗೆಯಿರಿ. ಇಬ್ಬರು ಅತ್ತೆಯರಲ್ಲಿ ಒಬ್ಬರೇ ಸಾಕು, ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆ. ‘ನನಗೆ ತುಂಬಾ ಭಯವಾಯಿತು’ ಎಂಬ ವಾಕ್ಯ ನಾಲ್ಕು ಕಡೆ ಬಂದಿದೆ. ಕೈಯಿಂದ ಹಗ್ಗ ಜಾರಿತು ಎಂದಲ್ಲಿ ಭಯ ಆಗಲೇ ತಿಳಿದಿರುತ್ತದೆ. ಕೊನೆಯಲ್ಲಿ ‘ಈ ಘಟನೆಯಿಂದ ನಾನು ಕಲಿತ ಪಾಠವೇನೆಂದರೆ’ ಎಂದು ಆರಂಭವಾಗುವ ಭಾಗ ಒಂದೂವರೆ ನಿಮಿಷವಿದೆ. ಅದನ್ನು ಪೂರ್ತಿಯಾಗಿ ಹೊಡೆದುಹಾಕಿ, ಅಜ್ಜ ಏನೂ ಮಾತನಾಡದೆ ಹಗ್ಗವನ್ನು ಮತ್ತೆ ನಿಮ್ಮ ಕೈಗೇ ಕೊಟ್ಟರು ಎಂಬಲ್ಲಿ ನಿಲ್ಲಿಸಿ, ಕುಳಿತುಕೊಳ್ಳಿ. ನನ್ನ ಲೆಕ್ಕದಲ್ಲಿ ಅದು ನಾಲ್ಕೂಮುಕ್ಕಾಲು ನಿಮಿಷಕ್ಕೆ ಬರುತ್ತದೆ.